ಮೀನಿನ ಕರುಳೊಳಗೂ ಒಂದು ಊರಿದೆ

ಇವತ್ತಿನ ವಿಷಯ ಕೇಳಿ ಕೆಲವರು ಮೂಗು ಮುಚ್ಚಿಕೊಳ್ಳಬಹುದು: ಮೀನಿನ ಕರುಳು. ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರಿನಂಥ ಕಾವೇರಿ ದಡದ ಊರಲ್ಲಿ ಮೀನು ಶುಚಿ ಮಾಡುವಾಗ ಮೊದಲು ಕಿತ್ತು ಎಸೆಯೋದೇ ಅದನ್ನ. ಆದ್ರೆ ಹೊಂಡದಲ್ಲಿ ಮೀನು ಸಾಕೋರು ಅದರ ಕಡೆ ಸ್ವಲ್ಪ ಗಮನ ಕೊಡಬೇಕು.

ನಮ್ಮ ಕೆರೆಗಳಿಗೆ ಬಿಡೋ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಇವೆಲ್ಲ ಗೆಂಡೆ ಜಾತಿಯವು. ಇವಕ್ಕೆ ನಮ್ಮ ಹಾಗೆ ಜಠರ ಇಲ್ಲ, ಅಲ್ಲಿನ ಆಸಿಡ್ಡೂ ಇಲ್ಲ. ತಿಂದ ತೌಡು, ಹಿಂಡಿ, ಪಾಚಿ ಎಲ್ಲ ನೇರ ಕರುಳಿಗೇ ಹೋಗುತ್ತೆ. ಜೊತೆಗೆ ನೀರಿನ ಬ್ಯಾಕ್ಟೀರಿಯಾಗಳೂ ಹೋಗ್ತವೆ.

ಹಾಗಂತ ಒಳಗೆ ಹೋದದ್ದೆಲ್ಲ ಅಲ್ಲೇ ನೆಲೆಸಲ್ಲ. ಜೀಬ್ರಾ ಮೀನು ಅಂತ ನಮ್ಮ ದೇಶದ್ದೇ ಒಂದು ಪುಟ್ಟ ಸಿಹಿನೀರಿನ ಮೀನಿದೆ. ಭಾರತದ ನೀರಲ್ಲಿ ಹಿಡಿದ ಜೀಬ್ರಾ ಮೀನನ್ನೂ ಪ್ರಯೋಗಾಲಯಗಳಲ್ಲಿ ಸಾಕಿದ್ದನ್ನೂ ಹೋಲಿಸಿ 2011ರಲ್ಲಿ ಒಂದು ಅಧ್ಯಯನ ಬಂತು. ನೀರು ಬೇರೆ, ಊಟ ಬೇರೆ. ಆದ್ರೂ ಕರುಳಲ್ಲಿದ್ದ ಮುಖ್ಯ ಗುಂಪುಗಳು ಒಂದೇ ಥರ ಇದ್ವು. ಅಂದ್ರೆ ಯಾರನ್ನ ಒಳಗೆ ಇಟ್ಟುಕೊಳ್ಳಬೇಕು ಅನ್ನೋದರಲ್ಲಿ ಮೀನಿನ ದೇಹಕ್ಕೂ ಮಾತಿದೆ.

ಈ ಬಾಡಿಗೆದಾರರು ಸುಮ್ಮನೆ ಕೂತಿರಲ್ಲ. ಊಟದ ಕೊಬ್ಬನ್ನ ಹೀರಿಕೊಳ್ಳೋಕೆ ಸಹಾಯ ಮಾಡ್ತಾರೆ ಅಂತ 2012ರಲ್ಲಿ ಅದೇ ಜೀಬ್ರಾ ಮೀನಲ್ಲಿ ಗೊತ್ತಾಯ್ತು. ಸೀಟೊಬ್ಯಾಕ್ಟೀರಿಯಂ ಅನ್ನೋ ಗುಂಪು ವಿಟಮಿನ್ ಬಿ12 ತಯಾರಿಸುತ್ತೆ. ಇದನ್ನ ಮೀನಾಗಲಿ, ಗಿಡವಾಗಲಿ, ನಾವಾಗಲಿ ಸ್ವಂತ ಮಾಡಿಕೊಳ್ಳೋಕೆ ಆಗಲ್ಲ.

ಈಗ ಕಷ್ಟದ ಭಾಗಕ್ಕೆ ಬರೋಣ. ಏರೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಆರೋಗ್ಯವಾಗಿರೋ ಮೀನಿನ ಕರುಳಲ್ಲೂ ಇರುತ್ತೆ. ಮೀನು ವಿಪರೀತ ತುಂಬಿ, ನೀರು ಕೆಟ್ಟು, ಆಮ್ಲಜನಕ ಇಳಿದ್ರೆ ಅದೇ ತಿರುಗಿ ಬೀಳುತ್ತೆ. ಮೈಮೇಲೆ ಹುಣ್ಣು, ಹೊಟ್ಟೆ ಊತ ಶುರುವಾಗುತ್ತೆ. ಸಾಲ ಮಾಡಿ ಮರಿ ಬಿಟ್ಟವರಿಗೆ ಎದೆ ಒಡೆದಂಗಾಗುತ್ತೆ. ಆಗ ಯಾರೋ ಹೇಳಿದ್ರು ಅಂತ ಆಂಟಿಬಯಾಟಿಕ್ ತಂದು ಮೇವಿಗೆ ಕಲಸಿಬಿಡೋದು ಸುಲಭ.

ಆದ್ರೆ ಆ ಔಷಧಿಗೆ ಕಳ್ಳ ಯಾರು, ಕೆಲಸಗಾರ ಯಾರು ಅಂತ ಗೊತ್ತಾಗಲ್ಲ. ಬಿ12 ಮಾಡೋನೂ ಸಾಯ್ತಾನೆ. ಉಳಿಯೋದು ಔಷಧಿಗೆ ಬಗ್ಗದವರು. ಅವರು ಆ ಗುಣವನ್ನ ಪಕ್ಕದ ಬ್ಯಾಕ್ಟೀರಿಯಾಗೂ ದಾಟಿಸ್ತಾರೆ. ಹೊಂಡದ ನೀರು ಕಾಲುವೆಗೆ, ಗದ್ದೆಗೆ, ಹೊಳೆಗೆ ಹೋದ್ರೆ ಅವರೂ ಹೋಗ್ತಾರೆ. ನಾಳೆ ನಮ್ಮ ಮನೆಯವರಿಗೇ ಸೋಂಕಾದಾಗ ಮಾತ್ರೆ ಕೆಲಸ ಮಾಡದೇ ಇರಬಹುದು.

ಹಾಗಾದ್ರೆ ಏನು ಮಾಡೋದು? ಮೊದಲು ನೀರು ನೋಡಿ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡ್ತಿದ್ರೆ ಆಮ್ಲಜನಕ ಸಾಲ್ತಿಲ್ಲ ಅಂತ. ಮೇವು ನಿಲ್ಲಿಸಿ, ಹೊಸ ನೀರು ಬಿಡಿ. ಹುಣ್ಣು ಕಂಡ್ರೆ ಆ ಮೀನನ್ನೇ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ, ಪರೀಕ್ಷೆ ಆದಮೇಲೆ ಔಷಧಿ.

ಅಡುಗೆ ಮಾಡೋರಿಗೂ ಒಂದು ಮಾತು. ಮೀನು ಸತ್ತ ಮೇಲೆ ಕರುಳಿನ ಇದೇ ಬ್ಯಾಕ್ಟೀರಿಯಾ ಮಾಂಸಕ್ಕೆ ಇಳಿದು ಬೇಗ ಕೆಡಿಸ್ತವೆ. ತಂದ ತಕ್ಷಣ ಕರುಳು ತೆಗೆದುಬಿಡಿ. ಅದನ್ನ ಹೊಳೆಗೆ ಎಸೀಬೇಡಿ, ಮಣ್ಣಲ್ಲಿ ಹೂತುಬಿಡಿ.

ನಿಮ್ಮೂರಲ್ಲಿ ಮೀನು ಸಾಕೋರಿದ್ರೆ ಈ ಸಂಚಿಕೆ ಅವರಿಗೊಮ್ಮೆ ಕೇಳಿಸಿ. ಮುಂದಿನ ವಾರ ಸಿಗೋಣ.