ಕೊನೆಯ ಮಾತು ಯಾರದು?

ಮನೆಯ ಹಿರಿಯರು ತಮ್ಮ ಸಾವಿನ ಮಾತೆತ್ತಿದರೆ 'ಬಿಡ್ತು ಅನ್ನಿ' ಎಂದು ಬಾಯಿ ಮುಚ್ಚಿಸುವುದು ನಮ್ಮಲ್ಲಿ ರೂಢಿ. ಅದೇ ಹಿರಿಯರು ದೇವರ ಮುಂದೆ ನಿಂತು ಅನಾಯಾಸದ ಸಾವನ್ನು ಬೇಡುವುದೂ ಉಂಟು. ದೇವರಿಗೆ ಹೇಳಿದ್ದನ್ನು ಮಕ್ಕಳಿಗೂ ವೈದ್ಯರಿಗೂ ಹೇಳದೆ ಉಳಿಸಿದರೆ ಏನಾಗುತ್ತದೆ? ಈ ಪ್ರಶ್ನೆಯನ್ನು ದೇಶದ ಮುಂದಿಟ್ಟದ್ದು ಉತ್ತರ ಕನ್ನಡದ ಹಳದೀಪುರದ ಹೆಣ್ಣುಮಗಳೊಬ್ಬಳ ಬದುಕು.

ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರಿನಲ್ಲಿ ಅಲ್ಲಿನ ನೌಕರನೊಬ್ಬ ಸರಪಳಿಯಿಂದ ಅವರ ಕೊರಳು ಬಿಗಿದು ಅತ್ಯಾಚಾರವೆಸಗಿದ. ಮೆದುಳಿಗೆ ರಕ್ತವಿಲ್ಲದೆ ಅವರು ಅರಿವು ಕಳೆದುಕೊಂಡರು. ಪತ್ರಕರ್ತೆ ಪಿಂಕಿ ವಿರಾನಿ, ಇನ್ನು ಅವರನ್ನು ಹೋಗಗೊಡಿ ಎಂದು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ವರ್ಷಗಟ್ಟಲೆ ತಮ್ಮ ಕೈಯಾರೆ ಉಣಿಸಿ ನೋಡಿಕೊಂಡ ದಾದಿಯರು, ಬದುಕಲಿ ಎಂದರು. 2011ರ ಮಾರ್ಚ್ 7ರಂದು ನ್ಯಾಯಾಲಯ ದಾದಿಯರ ಮಾತನ್ನು ಎತ್ತಿಹಿಡಿಯಿತು. 2015ರ ಮೇ 18ರಂದು ಅರುಣಾ ತೀರಿಕೊಂಡರು. ಎರಡೂ ಕಡೆ ಇದ್ದುದು ಕರುಣೆಯೇ. ಆದರೆ ಅರುಣಾರ ಇಚ್ಛೆ ಏನೆಂದು ಅವರ ಬಾಯಿಂದಲೇ ಕೇಳುವ ದಾರಿ ಮಾತ್ರ ಮುಚ್ಚಿಹೋಗಿತ್ತು.

ಆ ದಾರಿಯನ್ನು ಮೊದಲೇ ತೆರೆದಿಡುವ ಏರ್ಪಾಡೇ ಮುಂಗಡ ವೈದ್ಯಕೀಯ ನಿರ್ದೇಶನ. ಜನರ ಬಾಯಲ್ಲಿ 'ಲಿವಿಂಗ್ ವಿಲ್'. ಆಸ್ತಿಯ ಉಯಿಲು ಜಾರಿಗೆ ಬರುವುದು ಸತ್ತ ಮೇಲೆ. ಇದು ಜಾರಿಗೆ ಬರುವುದು ಉಸಿರಿದ್ದೂ ಮಾತಾಡಲಾಗದ ಹೊತ್ತಿನಲ್ಲಿ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಇದಕ್ಕೆ ಮನ್ನಣೆ ನೀಡಿತು. ನಿಯಮಗಳು ತೀರಾ ತೊಡಕಾದ್ದರಿಂದ 2023ರ ಜನವರಿಯಲ್ಲಿ ಅವನ್ನು ಸಡಿಲಿಸಲಾಯಿತು. ಅದನ್ನು ಜಾರಿಗೊಳಿಸಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಆದೇಶ ಹೊರಡಿಸಿತು.

ಬರೆಯುವವರು ವಯಸ್ಕರಾಗಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ತಮ್ಮ ಪರವಾಗಿ ತೀರ್ಮಾನಿಸಬೇಕಾದವರ ಹೆಸರನ್ನೂ ಬರೆಯಬೇಕು. ಮನಸ್ಸು ಬದಲಾದರೆ ಪತ್ರವನ್ನು ರದ್ದುಪಡಿಸಬಹುದು.

ಇದು ವಿಷದ ಸೂಜಿ ಚುಚ್ಚಲು ಪರವಾನಗಿಯಲ್ಲ. ಅದು ಇಂದಿಗೂ ಅಪರಾಧ. ಗುಣವಾಗುವ ಆಸೆ ಇಲ್ಲದ ರೋಗಿಗೆ ವೆಂಟಿಲೇಟರಿನಂಥ ಜೀವರಕ್ಷಕ ಚಿಕಿತ್ಸೆ ಬೇಡವೆನ್ನಲು ಮಾತ್ರ ಅವಕಾಶ. ಅದೂ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಿದ ಮೇಲೆ. ನೋವು ತಗ್ಗಿಸುವ ಆರೈಕೆ ಕೊನೆಯವರೆಗೂ ನಡೆಯುತ್ತದೆ.

ಆದರೆ ಕಪಾಟಿನಲ್ಲಿ ಬೀಗ ಹಾಕಿಟ್ಟ ಪತ್ರ ಐ.ಸಿ.ಯು. ಬಾಗಿಲಲ್ಲಿ ಯಾರ ನೆರವಿಗೂ ಬಾರದು. ಬೇಕಾದುದೇನು, ಬೇಡವಾದುದೇನು ಎಂಬುದನ್ನು ಮನೆಯವರು ಮೊದಲೇ ಕೇಳಿ ತಿಳಿದಿದ್ದರೆ, ತಂದೆಯನ್ನೋ ತಾಯಿಯನ್ನೋ ಕೈಬಿಟ್ಟೆವೆಂಬ ಕೊರಗು ಮಕ್ಕಳನ್ನು ಅಷ್ಟಾಗಿ ಕಾಡದು. ಕಾಯಿಲೆ ಗಂಭೀರವೆಂದು ತಿಳಿದ ಮೇಲೆ ಹಿರಿಯರು ಆ ಮಾತೆತ್ತಿದರೆ, 'ಬಿಡ್ತು ಅನ್ನಿ' ಎನ್ನುವ ಬದಲು ಪಕ್ಕದಲ್ಲಿ ಕುಳಿತು ಕೇಳುವುದು ಲೇಸು.