ಜಪಾನೀ ಭೋಜನಗೃಹದಲ್ಲಿ ಶಾಕಾಹಾರಿ ಅತಿಥಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ನಮ್ಮ ಹಿರಿಯರ ಅನುಭವದ ನುಡಿ. ಪರದೇಶದಲ್ಲಿ ಊಟಕ್ಕೆ ಕುಳಿತವನಿಗೆ ಈ ಎರಡು ಬಲ್ಲತನಗಳೂ ಒಟ್ಟಿಗೇ ಬೇಕಾಗುತ್ತವೆ. ಮೈಸೂರಿಗೂ ಜಪಾನಿಗೂ ಇಂದು ನಂಟು ಬೆಳೆದಿದೆ. ಯೋಗಾಭ್ಯಾಸಕ್ಕಾಗಿ ಗೋಕುಲಂ ಬಡಾವಣೆಗೆ ಜಪಾನೀಯರು ಬರುತ್ತಾರೆ. ಮೈಸೂರು-ಬೆಂಗಳೂರು ಹೆದ್ದಾರಿಯ ಬಿಡದಿಯಲ್ಲಿ 1997ರಲ್ಲಿ ಸ್ಥಾಪಿತವಾದ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆಯಿದೆ. ನಮ್ಮ ಮಕ್ಕಳೂ ಉದ್ಯೋಗ, ವ್ಯಾಸಂಗಗಳ ನಿಮಿತ್ತ ಆ ದ್ವೀಪರಾಷ್ಟ್ರಕ್ಕೆ ತೆರಳುತ್ತಿದ್ದಾರೆ. ಆಗ ಮನೆಯ ತಾಯಂದಿರು ಕೇಳುವ ಮೊದಲ ಪ್ರಶ್ನೆ ಒಂದೇ: “ಅಲ್ಲಿ ಊಟಕ್ಕೇನು ಮಾಡುವೆ?”

ಪರದೆಯ ಒಳಗೆ

ಜಪಾನಿನ ಸಾಂಪ್ರದಾಯಿಕ ಭೋಜನಗೃಹ ಬಹುಮಟ್ಟಿಗೆ ಚಿಕ್ಕದು. ಎಂಟು-ಹತ್ತು ಜನರಿಗಷ್ಟೇ ಸ್ಥಳವಿರುವ ಅಂಗಡಿಗಳು ಅಲ್ಲಿ ಸಾಮಾನ್ಯ. ಬಾಗಿಲಿಗೆ ‘ನೋರೆನ್’ ಎಂಬ ಬಟ್ಟೆಯ ಪರದೆ ತೂಗಿದ್ದರೆ ಅಂಗಡಿ ತೆರೆದಿದೆ ಎಂದು ಅರ್ಥ. ಚಾಪೆ ಹಾಸಿದ ಕೋಣೆಯಾದರೆ ಪಾದರಕ್ಷೆಯನ್ನು ಹೊರಗೇ ಕಳಚಬೇಕು. ಕುಳಿತೊಡನೆ ಕೈ ಒರೆಸಿಕೊಳ್ಳಲು ಒದ್ದೆಯ ವಸ್ತ್ರ ನೀಡುತ್ತಾರೆ. ಅನ್ನ, ಸಾರು, ಉಪ್ಪಿನಕಾಯಿ ಮತ್ತು ಎರಡು ಮೂರು ವ್ಯಂಜನಗಳು ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಬರುತ್ತವೆ. ಉಣ್ಣುವ ಮುನ್ನ ‘ಇತದಾಕಿಮಾಸ್’ ಎನ್ನುತ್ತಾರೆ; ವಿನಯದಿಂದ ಸ್ವೀಕರಿಸುತ್ತೇನೆ ಎಂಬುದು ಅದರ ಭಾವ. ಉಂಡಾದ ಮೇಲೆ ‘ಗೊಚಿಸೋಸಮ’ ಎಂದು ಕೃತಜ್ಞತೆ ಸಲ್ಲಿಸುತ್ತಾರೆ. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಮೃತರಿಗೆ ಎಡೆಯಿಡುವ ಕ್ರಮ ಅದು. ಇನಾಮು ಕೊಡುವ ರೂಢಿ ಅಲ್ಲಿಲ್ಲ.

ಇಂಥ ಅಂಗಡಿಯ ಮನೋಧರ್ಮ ಮೈಸೂರಿನವರಿಗೆ ಅಪರಿಚಿತವಲ್ಲ. 1938ರಿಂದ ನಡೆದುಬಂದ ನಜರ್‌ಬಾದಿನ ಮೈಲಾರಿ ಹೋಟೆಲು ಇಡ್ಲಿ, ದೋಸೆಗಳಂಥ ಕೆಲವೇ ತಿನಿಸುಗಳಿಂದ ಊರೆಲ್ಲ ಹೆಸರಾಗಲಿಲ್ಲವೇ? ಕೆಲವನ್ನೇ ಮಾಡು, ಅದನ್ನೇ ಚೆನ್ನಾಗಿ ಮಾಡು ಎಂಬ ನಿಷ್ಠೆ ಎರಡೂ ಕಡೆ ಒಂದೇ.

ಕಾಣದ ಮೀನು

ನಮ್ಮವರು ಎಡವುವುದು ಬೇರೊಂದು ಸ್ಥಳದಲ್ಲಿ. ಜಪಾನೀ ಅಡುಗೆಯ ಜೀವಾಳ ‘ದಾಶಿ’ ಎಂಬ ತಿಳಿರಸ. ‘ಕೊಂಬು’ ಎಂಬ ಸಮುದ್ರದ ಸಸ್ಯವನ್ನೂ ಹೊಗೆಯಲ್ಲಿ ಒಣಗಿಸಿದ ಮೀನಿನ ಹೆರೆಗಳನ್ನೂ ನೀರಿನಲ್ಲಿ ಇಳಿಸಿ ಅದನ್ನು ತಯಾರಿಸುತ್ತಾರೆ. ಸಾರು, ಬೇಯಿಸಿದ ತರಕಾರಿ, ಸೋಬಾ ಶಾವಿಗೆಯೊಡನೆ ಕೊಡುವ ರಸ, ಕರಿದ ತರಕಾರಿಯನ್ನು ಅದ್ದಿ ತಿನ್ನುವ ರಸ ಇವೆಲ್ಲಕ್ಕೂ ಸಾಮಾನ್ಯವಾಗಿ ಅದೇ ಆಧಾರ. ಬಟ್ಟಲಲ್ಲಿ ಮೀನಿನ ತುಂಡು ಕಾಣದಿದ್ದರೂ ಮೀನಿನ ಸತ್ವ ಇರುತ್ತದೆ. ‘ಮಿರಿನ್’ ಎಂಬ ಸಿಹಿ ಅಕ್ಕಿಮದ್ಯವನ್ನೂ ಅನೇಕ ಪದಾರ್ಥಗಳಿಗೆ ಬೆರೆಸುತ್ತಾರೆ.

ಇದರಲ್ಲಿ ವಂಚನೆಯ ಮಾತಿಲ್ಲ. ಕ್ರಿ.ಶ. 675ರಲ್ಲಿ ಚಕ್ರವರ್ತಿ ತೆಮ್ಮು ಹಸು, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ವರ್ಷದ ಕೆಲವು ತಿಂಗಳು ನಿಷೇಧಿಸಿದನು. ಮೀನಿಗೆ ಆ ನಿಷೇಧ ತಗುಲಲಿಲ್ಲ. ಮುಂದೆ ಮಾಂಸಾಹಾರ ಹಿಂದೆ ಸರಿದು ಮೀನು ನಿತ್ಯದ ಆಹಾರವಾಗಿ ಬೇರೂರಿತು. ಆದುದರಿಂದ “ಮಾಂಸ ತಿನ್ನುವುದಿಲ್ಲ” ಎಂದಷ್ಟೇ ಹೇಳಿದರೆ ಅಲ್ಲಿಯ ಅಡುಗೆಯವರು ಸದ್ಭಾವದಿಂದಲೇ ಮೀನು ಬಡಿಸಿಬಿಡಬಹುದು.

ಮಠದ ಅಡುಗೆ

ಹಾಗಾದರೆ ನಮಗೆ ಅಲ್ಲಿ ಎಡೆಯಿಲ್ಲವೇ? ಇದೆ. ಬೌದ್ಧ ಮಠಗಳಲ್ಲಿ ಬೆಳೆದ ‘ಶೋಜಿನ್ ರ್ಯೋರಿ’ ಎಂಬ ಪಾಕಕ್ರಮದಲ್ಲಿ ಮಾಂಸ, ಮೀನುಗಳಿಲ್ಲ; ಸಂಪ್ರದಾಯದಂತೆ ಈರುಳ್ಳಿ, ಬೆಳ್ಳುಳ್ಳಿಗಳೂ ಇಲ್ಲ. ಕೊಂಬು ಮತ್ತು ಒಣ ಅಣಬೆಗಳಿಂದಲೇ ರಸ ಇಳಿಸುತ್ತಾರೆ. ಸೋಯಾ ಹಾಲಿನ ತೋಫು, ಎಳ್ಳಿನಿಂದ ಮಾಡಿದ ಮೃದುವಾದ ಖಾದ್ಯ, ಋತುವಿನ ಕಾಯಿಪಲ್ಯೆಗಳು ಅದರ ವಿಶೇಷ. ಕೋಯಾಸಾನ್ ಪರ್ವತದ ಮಠಗಳಲ್ಲಿ ಯಾತ್ರಿಕರಿಗೆ ವಸತಿಯೊಡನೆ ಈ ಊಟ ದೊರೆಯುತ್ತದೆ.

ಈ ಪರಂಪರೆಯ ಗುರು ದೋಗೆನ್ (1200–1253) ಮಠದ ಅಡುಗೆಯವನಿಗಾಗಿಯೇ 1237ರಲ್ಲಿ ಒಂದು ಗ್ರಂಥ ಬರೆದನು. ಚೀನಾದಲ್ಲಿ ತಾನು ಕಂಡ ಒಬ್ಬ ವೃದ್ಧ ಭಿಕ್ಷುವನ್ನು ಅದರಲ್ಲಿ ನೆನೆದಿದ್ದಾನೆ. ಆ ವೃದ್ಧನು ಮಠದ ಅಡುಗೆಗೆಂದು ಅಣಬೆ ಕೊಳ್ಳಲು ಹಡಗಿನವರೆಗೆ ನಡೆದು ಬಂದಿದ್ದನು. ಧ್ಯಾನ ಬಿಟ್ಟು ಈ ವಯಸ್ಸಿನಲ್ಲಿ ಅಡುಗೆಯ ಶ್ರಮವೇಕೆ ಎಂದು ದೋಗೆನ್ ಕೇಳಿದಾಗ, ಸಾಧನೆ ಎಂದರೇನೆಂಬುದು ನಿನಗಿನ್ನೂ ತಿಳಿದಿಲ್ಲವೆಂದು ಅವನು ನಕ್ಕನಂತೆ. ಕಾಯಕವನ್ನು ಪೂಜೆಗೆ ಸಮನೆಂದು ಬಗೆದ ಶರಣರ ನಾಡಿನವರಿಗೆ ಆ ನಗುವಿನ ಅರ್ಥ ವಿವರಿಸಬೇಕಿಲ್ಲ. ಝೆನ್ ಮಠಗಳಲ್ಲಿ ಉಂಡ ಬಟ್ಟಲನ್ನು ಬಿಸಿನೀರಿನಿಂದ ತೊಳೆದು ಆ ನೀರನ್ನೂ ಕುಡಿಯುತ್ತಾರೆ. ಪ್ರಸಾದದ ಕಣವೂ ವ್ಯರ್ಥವಾಗಬಾರದೆಂದು ತಟ್ಟೆ ತೊಳೆದು ಕುಡಿಯುವ ನಮ್ಮ ಹಿರಿಯರ ಆಚಾರ ಇಲ್ಲಿ ನೆನಪಾಗದಿರದು.

ಹೋಗುವ ಮುನ್ನ

ಚಿಕ್ಕ ಅಂಗಡಿಯಲ್ಲಿ ದಾಶಿಯನ್ನು ಮುಂಚಿತವಾಗಿಯೇ ಇಳಿಸಿರುತ್ತಾರೆ. ಎಲೆಯ ಮುಂದೆ ಕುಳಿತು ಬೇಡವೆಂದರೆ ಅವರಿಗೂ ಸಂಕಟ, ನಮಗೂ ಸಂಕಟ. ಒಂದೆರಡು ದಿನ ಮೊದಲೇ ತಿಳಿಸುವುದು ಲೇಸು. “ನಿಕು ತೊ ಸಕಾನ ವ ತಬೆಮಾಸೆನ್” ಎಂದರೆ ಮಾಂಸ, ಮೀನು ತಿನ್ನುವುದಿಲ್ಲ ಎಂದರ್ಥ. ಮೀನಿನ ದಾಶಿ, ಮೊಟ್ಟೆ, ಮದ್ಯ ಬೇಡವೆಂಬುದನ್ನು ಬಲ್ಲವರಿಂದ ಜಪಾನೀ ಲಿಪಿಯಲ್ಲಿ ಚೀಟಿ ಬರೆಸಿಕೊಂಡು ತೋರಿಸಬಹುದು. ತಮ್ಮಿಂದ ಆಗದೆಂದು ಅವರು ಹೇಳಿದರೆ ನಮಸ್ಕರಿಸಿ ಹಿಂದಿರುಗಬೇಕು; ಅದು ಅವರ ಪ್ರಾಮಾಣಿಕತೆಯೇ ಹೊರತು ತಿರಸ್ಕಾರವಲ್ಲ.

ನಮ್ಮ ಆಚಾರವನ್ನು ಸಂಕೋಚವಿಲ್ಲದೆ ಹೇಳುವುದು, ಅವರ ಆಚಾರವನ್ನು ಹಳಿಯದೆ ಗೌರವಿಸುವುದು, ಇವೆರಡನ್ನೂ ಮಕ್ಕಳಿಗೆ ಮನೆಯಲ್ಲೇ ಕಲಿಸಿ ಕಳುಹಿಸೋಣ. ಆಗ ಅವರು ಯಾವ ನಾಡಿನ ಪಂಕ್ತಿಯಲ್ಲಿ ಕುಳಿತರೂ ತಮ್ಮ ವ್ರತವನ್ನೂ ಆತಿಥೇಯರ ಮನಸ್ಸನ್ನೂ ಕೆಡದಂತೆ ಕಾಯ್ದುಕೊಳ್ಳಬಲ್ಲರು.