250 ಕೆ.ಜಿ. ತಾಳುವ ಮಸಾಜ್ ಟೇಬಲ್ ಯಾಕೆ ಅಲುಗಾಡುತ್ತದೆ?

ಮಸಾಜ್ ಟೇಬಲ್ ಮೇಲೆ ನಾಲ್ಕು ಜನ ಸಾಲಾಗಿ ನಿಂತು ನಗುತ್ತಿರುವ ಜಾಹೀರಾತಿನ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಕೆಳಗೆ ದಪ್ಪ ಅಕ್ಷರದಲ್ಲಿ ‘250 ಕೆ.ಜಿ. ತಾಳುತ್ತದೆ’ ಎಂಬ ಸಾಲು. ನೋಡಿದವರು ‘ಗಟ್ಟಿ ಅಂದರೆ ಇದು’ ಎಂದು ಇನ್ನೊಬ್ಬರಿಗೆ ಕಳಿಸುತ್ತಾರೆ. ಹೊಸದಾಗಿ ಫಿಸಿಯೋಥೆರಪಿ ಅಥವಾ ಮಾಲೀಶಿನ ಕೋಣೆ ತೆರೆಯುವವರು ಅದೊಂದೇ ಸಂಖ್ಯೆ ನೋಡಿ ಹಣ ಕಟ್ಟುತ್ತಾರೆ.

ಆ ಸಂಖ್ಯೆ ಸುಳ್ಳೇ? ಸುಳ್ಳಾಗಿರಬೇಕಿಲ್ಲ. ಆದರೆ ಥೆರಪಿ ಕೋಣೆಯಲ್ಲಿ ನಡೆಯುವ ಕೆಲಸಕ್ಕೂ ಆ ಸಂಖ್ಯೆಗೂ ಸಂಬಂಧ ಕಡಿಮೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಇಂಥ ಟೇಬಲ್ ಮೇಲೆ ಮಲಗುವವರು ಯಾರು ಎಂದು ಮೊದಲು ಯೋಚಿಸಿ. ದಿನವಿಡೀ ಮಗ್ಗದ ಮುಂದೆ ಕೂತು ಅಥವಾ ನಿಂತು ಸೊಂಟ ಹಿಡಿದ ನೇಕಾರರು, ಕಬ್ಬು ಕಡಿದು ಬೆನ್ನು ಬಗ್ಗಿಸಲಾಗದವರು, ಮೊಣಕಾಲು ನೋವಿನ ಅಜ್ಜಿಯರು, ಜೊತೆಗೆ ನೂರು ಕೆ.ಜಿ. ದಾಟಿದ ಪೈಲ್ವಾನರು. ಕುಸ್ತಿ ಈ ಸೀಮೆಗೆ ಹೊಸದಲ್ಲ. ಗರಡಿಮನೆಯಲ್ಲಿ ಮಾಲೀಶು ನಡೆಯುತ್ತಿದ್ದುದು ನೆಲದ ಮೇಲೆ. ನೆಲ ಅಲುಗಾಡುವುದಿಲ್ಲ, ಮುರಿಯುವುದಿಲ್ಲ, ಅದರಿಂದ ಕೆಳಗೆ ಬೀಳುವ ಭಯವೂ ಇಲ್ಲ. ಟೇಬಲ್ ಬಂದ ಮೇಲೆ ಮಾಲೀಶು ಮಾಡುವವರ ಮೊಣಕಾಲಿಗೆ ಸುಖವಾಯಿತು, ಮಲಗುವವರಿಗೆ ಬೀಳುವ ಅಪಾಯ ಹೊಸದಾಗಿ ಸೇರಿಕೊಂಡಿತು. ಎಪ್ಪತ್ತು ವರ್ಷದವರು ಎರಡೂವರೆ ಅಡಿ ಎತ್ತರದಿಂದ ಬಿದ್ದರೆ ಚಪ್ಪೆಯ ಮೂಳೆ ಮುರಿಯಬಹುದು. ಆದ್ದರಿಂದ ಇದು ಬರೀ ಪೀಠೋಪಕರಣದ ಮಾತಲ್ಲ.

ತೂಕ ಒಂದೇ, ಪೆಟ್ಟು ಬೇರೆ

ಜಾಹೀರಾತಿನಲ್ಲಿ ಜನ ನಿಧಾನವಾಗಿ ಹತ್ತಿ, ಅಲುಗದೆ, ಟೇಬಲ್ ಉದ್ದಕ್ಕೂ ಹರಡಿಕೊಂಡು ನಿಂತಿರುತ್ತಾರೆ. ನಿಮ್ಮ ಕೋಣೆಗೆ ಬರುವವರು ಹಾಗೆ ಮಾಡುವುದಿಲ್ಲ. ಸೊಂಟ ನೋವಿನವರು ಅಂಚಿಗೆ ಬಂದು ಧೊಪ್ಪನೆ ಕೂರುತ್ತಾರೆ. ಹೀಗೆ ಒಮ್ಮೆಲೇ ಬಿದ್ದ ಭಾರ, ಮೆಲ್ಲಗೆ ಇಟ್ಟ ಅದೇ ಭಾರಕ್ಕಿಂತ ಕ್ಷಣಕಾಲ ಸುಮಾರು ಎರಡು ಪಟ್ಟು ಒತ್ತಡ ಹಾಕಬಲ್ಲದು. ಸ್ವಲ್ಪ ಮೇಲಿಂದ ಬಿದ್ದರೆ ಇನ್ನೂ ಹೆಚ್ಚು. ನೂರು ಕೆ.ಜಿ.ಯ ಪೈಲ್ವಾನರು ಒಮ್ಮೆ ಧೊಪ್ಪನೆ ಕೂತರೆ ಆ 250ರ ಬಹುಪಾಲು ಖರ್ಚಾಯಿತು ಅಂತಲೇ ತಿಳಿಯಿರಿ. ಸ್ಪಂಜು ಸ್ವಲ್ಪ ಪೆಟ್ಟು ನುಂಗುತ್ತದೆ, ನಿಜ. ಆದರೆ ಇದು ಒಂದು ದಿನದ ಮಾತಲ್ಲ, ವರ್ಷಕ್ಕೆ ಸಾವಿರಾರು ಸಲ ನಡೆಯುವಂಥದ್ದು.

ಇನ್ನೊಂದು ಸಂಗತಿಯನ್ನು ಆ ಸಂಖ್ಯೆ ಹೇಳುವುದೇ ಇಲ್ಲ. ಮುರಿಯದ ಟೇಬಲ್ ಕೂಡ ಮಗುಚಬಹುದು. ತಕ್ಕಡಿಯ ಲೆಕ್ಕ ಹಾಕೋಣ. 15 ಕೆ.ಜಿ. ತೂಕದ ಹಗುರ ಟೇಬಲ್ ಇದೆ, ಅದರ ಕಾಲುಗಳು ತುದಿಯಿಂದ ಒಳಗೆ ಸರಿದಿವೆ ಎಂದುಕೊಳ್ಳಿ. 80 ಕೆ.ಜಿ.ಯ ಒಬ್ಬರು ಕಾಲಿನಿಂದ 20 ಸೆಂ.ಮೀ. ಹೊರಗೆ, ತುದಿಯಲ್ಲಿ ಕೂತರು. 80 ಗುಣಿಸು 20 ಅಂದರೆ 1600. ಟೇಬಲ್ಲಿನ ಸ್ವಂತ ತೂಕ ಕಾಲಿನಿಂದ 60 ಸೆಂ.ಮೀ. ಒಳಗಿದೆ: 15 ಗುಣಿಸು 60 ಅಂದರೆ 900. ಕೂತವರ ಕಡೆ ತೂಗಿತು, ಇನ್ನೊಂದು ತುದಿ ಮೇಲೆದ್ದಿತು. ಅದೇ ಅಳತೆಯ ಟೇಬಲ್ 50 ಕೆ.ಜಿ. ಇದ್ದಿದ್ದರೆ 3000 ಆಗುತ್ತಿತ್ತು, ಏನೂ ಆಗುತ್ತಿರಲಿಲ್ಲ. ಕಾಲುಗಳು ತುದಿಗೇ ಇದ್ದಿದ್ದರೂ ಆಗುತ್ತಿರಲಿಲ್ಲ. ಹಾಗಾಗಿ ಒಂದೇ ಕಡೆ ಇರುವ ಕೋಣೆಗೆ ‘ಹಗುರ’ ಎಂಬುದು ಗುಣವಲ್ಲ. ಬೈಕಿನ ಹಿಂದೆ ಕಟ್ಟಿಕೊಂಡು ಮನೆ ಮನೆಗೆ ಹೋಗುವವರಿಗೆ ಮಾತ್ರ ಮಡಚುವ ಟೇಬಲ್ ಬೇಕು. ಅವರೂ ಕಾಲುಗಳು ತುದಿಯತ್ತ ಚಾಚಿಕೊಂಡಿರುವುದನ್ನೇ ಆರಿಸಬೇಕು.

ನಾಲ್ಕು ಕಡ್ಡಿಯ ಪ್ರಯೋಗ

ಟೇಬಲ್ ಸೋಲುವುದು ಹೆಚ್ಚಾಗಿ ಹಲಗೆಯಲ್ಲಲ್ಲ, ಕೀಲಿನಲ್ಲಿ. ಮನೆಯಲ್ಲೇ ನೋಡಿ: ಪೊರಕೆಯ ನಾಲ್ಕು ಕಡ್ಡಿ ತೆಗೆದುಕೊಂಡು ದಾರದಿಂದ ಚೌಕವಾಗಿ ಕಟ್ಟಿ. ಪಕ್ಕದಿಂದ ತಳ್ಳಿದರೆ ಚೌಕ ವಾಲಿ ಹಪ್ಪಳದಂತೆ ಮಡಚಿಕೊಳ್ಳುತ್ತದೆ. ಈಗ ಐದನೆಯ ಕಡ್ಡಿಯನ್ನು ಮೂಲೆಯಿಂದ ಮೂಲೆಗೆ ಕಟ್ಟಿ. ಅಲುಗುವುದಿಲ್ಲ. ಚೌಕ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ತಗಡಿನ ಶೆಡ್ಡುಗಳ ಮಾಡಿನ ಕೆಳಗೆ ಕಬ್ಬಿಣದ ತ್ರಿಕೋನಗಳು ಇರುವುದು ಇದಕ್ಕಾಗಿಯೇ. ಥೆರಪಿಸ್ಟ್ ಟೇಬಲ್ ಮೇಲೆ ಒರಗಿ ಒತ್ತುವಾಗ ಬಲ ಬರೀ ಕೆಳಮುಖವಾಗಿ ಹೋಗುವುದಿಲ್ಲ, ಅಡ್ಡಡ್ಡವಾಗಿಯೂ ತಳ್ಳುತ್ತದೆ. ನಿಂತಲ್ಲೇ ನಿಂತ ನಾಲ್ಕು ಜನರ ವಿಡಿಯೊದಲ್ಲಿ ಈ ತಳ್ಳುವಿಕೆ ಕಾಣುವುದೇ ಇಲ್ಲ. ಕಾಲುಗಳ ನಡುವೆ ಓರೆ ಪಟ್ಟಿ ಇಲ್ಲದ ಟೇಬಲ್ ಎಷ್ಟೇ ಹೊಳೆಯಲಿ, ನಮ್ಮ ಸಲಹೆ: ಬಿಟ್ಟುಬಿಡಿ.

ಕೀಲು ಹೇಗಿರಬೇಕೆಂದು ಮಗ್ಗ ನಡೆಸುವವರನ್ನು ಕೇಳಿ. ಪವರ್‌ಲೂಮ್ ಓಡುವಾಗ ಪ್ರತಿ ಹೊಡೆತಕ್ಕೂ ಇಡೀ ಚೌಕಟ್ಟು ನಡುಗುತ್ತದೆ. ಮೊಳೆ ಹೊಡೆದ ಕೀಲು ಅಂಥ ನಡುಕಕ್ಕೆ ದಿನದಿಂದ ದಿನಕ್ಕೆ ಸಡಿಲಾಗುತ್ತದೆ, ಮತ್ತೆ ಬಿಗಿಯಾಗುವುದಿಲ್ಲ. ನಟ್ಟು-ಬೋಲ್ಟು ವಾಷರ್ ಹಾಕಿದ್ದಾದರೆ ಪಾನಾ ಹಿಡಿದು ಒಂದು ಸುತ್ತು ತಿರುಗಿಸಿದರೆ ಮುಗಿಯಿತು.

ಕಟ್ಟಿಗೆಯೋ, ಕಬ್ಬಿಣವೋ

ಎರಡೂ ಆಗುತ್ತದೆ. ಕಟ್ಟಿಗೆಯಾದರೆ ಸಾಗವಾನಿಯೇ ಬೇಕೆಂದಿಲ್ಲ. ಬಂಡಿ, ನೇಗಿಲುಗಳ ಭಾರ ಹೊತ್ತ ಜಾಲಿ ಇದಕ್ಕೂ ಸಾಕು. ಮುಖ್ಯವಾದದ್ದು ಅದು ಚೆನ್ನಾಗಿ ಒಣಗಿರಬೇಕು. ಹಸಿ ಕಟ್ಟಿಗೆಯಲ್ಲಿ ಮಾಡಿದ್ದು ನಮ್ಮ ಕಡೆಯ ಬೇಸಿಗೆಯಲ್ಲಿ ಕುಗ್ಗಿ, ಕೀಲುಗಳೆಲ್ಲ ಬಾಯಿ ಬಿಡುತ್ತವೆ. ಮೇಲಿನ ಹಲಗೆಗೆ ಪ್ಲೈವುಡ್ ಹಾಕುವುದಾದರೆ ಐಎಸ್ 710 ಎಂಬ ಗುರುತು ನೋಡಿ. ಅದು ನೀರು ತಡೆಯುವ ಮರೀನ್ ಪ್ಲೈ.

ಕಬ್ಬಿಣದಲ್ಲಿ ಒಂದು ಮೋಸ ಸುಲಭ. ‘16 ಗೇಜ್ ಯಾಕೆ ಸಾರ್, 18 ಗೇಜ್ ಕೊಡ್ತೀನಿ’ ಎಂದರೆ ಖುಷಿಪಡಬೇಡಿ. ಗೇಜ್ ಸಂಖ್ಯೆ ಏರಿದಷ್ಟೂ ತಗಡು ತೆಳ್ಳಗಾಗುತ್ತದೆ. 14 ಗೇಜ್ ಅಂದರೆ ಸುಮಾರು 2 ಮಿ.ಮೀ., 16 ಅಂದರೆ 1.6, 18 ಅಂದರೆ 1.2 ಮಿ.ಮೀ. ಮಾತ್ರ. ದಿನವಿಡೀ ಬಳಸುವ ಟೇಬಲ್ಲಿಗೆ ಒಂದೂವರೆ ಇಂಚಿನ ಚೌಕ ಪೈಪು, 16 ಗೇಜ್‌ಗಿಂತ ತೆಳ್ಳಗಿಲ್ಲದ್ದು, ಇರಲಿ. ವೆಲ್ಡಿಂಗ್ ಒಂದೆರಡು ಚುಕ್ಕೆಯಾಗಿ ಹಾಕಿದ್ದಲ್ಲ, ಕೀಲಿನ ಸುತ್ತ ಪೂರ್ತಿ ಹರಿದಿರಬೇಕು.

‘ಬೇವಿನ ಮರದ ದ್ರೋಣಿಯಲ್ಲಿ ಮಲಗಿದರೇ ಅರ್ಧ ರೋಗ ಹೋಗುತ್ತದೆ’ ಎಂಬ ಮಾತೂ ಕೇಳಿಬರುತ್ತದೆ. ದ್ರೋಣಿ ಎಂದರೆ ಆಯುರ್ವೇದದ ಎಣ್ಣೆ ಚಿಕಿತ್ಸೆಗೆ ಬಳಸುವ, ಅಂಚು ಎತ್ತರಿಸಿ ಎಣ್ಣೆ ಹರಿದುಹೋಗಲು ದಾರಿ ಮಾಡಿದ ಕಟ್ಟಿಗೆಯ ಹಲಗೆ. ಎಣ್ಣೆ ನೆಲಕ್ಕೆ ಚೆಲ್ಲದಂತೆ ಹಿಡಿಯುವುದು ಆ ಆಕಾರದ ಕೆಲಸ. ಮಲಗಿದ ಮಾತ್ರಕ್ಕೆ ಮರದಿಂದ ಮೈಯೊಳಗೆ ಔಷಧಿ ಇಳಿಯುವುದಿಲ್ಲ. ಎಣ್ಣೆ ಕುಡಿದ ಕಟ್ಟಿಗೆಯನ್ನು ಸರಿಯಾಗಿ ತೊಳೆಯದಿದ್ದರೆ ಕಮಟು ವಾಸನೆ ಬರುತ್ತದೆ, ಬೇವಾದರೂ ಅಷ್ಟೆ.

ಎತ್ತರ, ಮೆತ್ತೆ, ನೆಲ

ಮೆತ್ತೆ ದಪ್ಪವಿದ್ದಷ್ಟೂ ಒಳ್ಳೆಯದು ಎಂಬುದೂ ತಪ್ಪು. ತೀರಾ ಮೆತ್ತಗಿದ್ದರೆ ನೀವು ಒತ್ತಿದ ಬಲ ಸ್ನಾಯುವಿಗಿಂತ ಹೆಚ್ಚಾಗಿ ಸ್ಪಂಜಿಗೇ ಹೋಗುತ್ತದೆ. ಸಂಜೆ ಹೊತ್ತಿಗೆ ನೋಯುವುದು ನಿಮ್ಮ ಹೆಬ್ಬೆರಳು. ಎರಡು ಇಂಚಿನ ಬಿಗಿ ಫೋಮ್ ಸಾಕು.

ಎತ್ತರಕ್ಕೆ ಟೇಪು ಬೇಡ. ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಹಿಡಿಯಿರಿ. ಮೇಲ್ಮೈ ಮುಷ್ಟಿಯ ಗೆಣ್ಣುಗಳ ಮಟ್ಟಕ್ಕೆ ಬರಬೇಕು. ಐದೂವರೆ ಅಡಿಯವರಿಗೆ ಅದು ಸುಮಾರು 70 ಸೆಂ.ಮೀ. ಇದಕ್ಕಿಂತ ಬಹಳ ತಗ್ಗಿದ್ದರೆ ನಿಮ್ಮ ಸೊಂಟ ಹೋಗುತ್ತದೆ, ಎತ್ತರವಿದ್ದರೆ ಹೆಗಲು. ಅಂಗಡಿಯವರ ಎತ್ತರಕ್ಕೆ ಮಾಡಿದ ಟೇಬಲ್ ನಿಮಗೆ ಹೊಂದದು. ನಾಲ್ಕೂ ಊರುಗಳಲ್ಲಿ ಬಡಿಗೇರರು, ವೆಲ್ಡಿಂಗ್ ಅಂಗಡಿಯವರು ಇದ್ದೇ ಇರುವಾಗ ಅಳತೆ ಕೊಟ್ಟು ಮಾಡಿಸುವುದೇ ಲೇಸು ಎಂದು ನಾವು ಹೇಳುವುದು ಇದಕ್ಕೇ. ಮೊಣಕಾಲು ನೋವಿನವರಿಗೆ 70 ಸೆಂ.ಮೀ. ಹತ್ತುವುದು ಕಷ್ಟ. ಅಗಲ ಪಾದದ ಒಂದು ಮೆಟ್ಟಿಲನ್ನೂ ಜೊತೆಗೇ ಮಾಡಿಸಿ.

ನೆಲವನ್ನು ಮರೆಯಬೇಡಿ. ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗುತ್ತದೆ. ಅದರ ಮೇಲೆ ಕಟ್ಟಿದ ಕೋಣೆಯ ಪರ್ಸಿ ಕಲ್ಲುಗಳು ಒಂದೇ ಮಟ್ಟದಲ್ಲಿ ಉಳಿಯುವುದು ಕಷ್ಟ. ಮೂರು ಕಾಲು ಊರಿದರೆ ನಾಲ್ಕನೆಯದು ತೇಲುತ್ತದೆ. ರಟ್ಟು ಮಡಚಿ ಇಡುವುದು ಉಪಾಯವಲ್ಲ, ಒಂದು ದಿನ ಅದು ಜಾರುತ್ತದೆ. ಕಾಲಿನ ಬುಡಕ್ಕೆ ತಿರುಗಿಸಿ ಏರಿಸಿಳಿಸುವ ಬೋಲ್ಟ್ ಪಾದ ಹಾಕಿಸಿ.

ಕೊನೆಗೆ, ಹಣ ಕೊಡುವ ಮೊದಲು ನಿಮ್ಮ ಮೊಬೈಲನ್ನೇ ಕೆಲಸಕ್ಕೆ ಹಚ್ಚಿ. ಟೇಬಲ್ ಕಾಲಿನ ಮಟ್ಟದಲ್ಲಿ ಅದನ್ನು ನಿಲ್ಲಿಸಿ ಸ್ಲೋ ಮೋಷನ್ ವಿಡಿಯೊ ಹಚ್ಚಿ. ಜೊತೆಗೆ ಬಂದವರಲ್ಲಿ ಹೆಚ್ಚು ತೂಕದವರು ತುದಿಯಲ್ಲಿ ಕೂರಲಿ, ಮಲಗಲಿ, ಮಗ್ಗುಲು ಬದಲಿಸಲಿ. ನೀವು ಸೊಂಟದಿಂದ ಪಕ್ಕಕ್ಕೆ ಒಮ್ಮೆ ತಳ್ಳಿ. ಆಮೇಲೆ ವಿಡಿಯೊ ನೋಡಿ: ಕಾಲು ಮತ್ತು ಚೌಕಟ್ಟು ಒಟ್ಟಿಗೇ ಅಲುಗಿದರೆ ಚಿಂತೆಯಿಲ್ಲ. ಎರಡರ ನಡುವೆ ಸಂದು ತೆರೆದು ಮುಚ್ಚುವುದು ಕಂಡರೆ ಆ ಟೇಬಲ್ ಅಲ್ಲೇ ಇರಲಿ.